ಜಾಲತಾಣಕ್ಕೆ ತಡೆ ಬಿದ್ದರೆ ಚಿತ್ರಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದು ನನ್ನದೇ ಜಾಲತಾಣದಲ್ಲಿ ಹಾಕುತ್ತೇನೆ. ಕೆಲವು ದಿನಗಳಿಂದ ಹಲವು ಓದುಗರ ಮೊಬೈಲ್‌ನಲ್ಲಿ ಅದು ತೆರೆಯುತ್ತಿಲ್ಲ. ನನ್ನ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ತೆರೆಯುತ್ತದೆ. ಯಾವ ನೋಟಿಸೂ ಬಂದಿಲ್ಲ. ವಿಪಿಎನ್ (ಬೇರೊಂದು ಕಂಪ್ಯೂಟರಿನ ಮೂಲಕ ಹಾಯ್ದು ತಾಣ ತೆರೆಯುವ ಸೇವೆ) ಬಳಸಿ ಎಂದು ಓದುಗರಿಗೆ ಹೇಳಬಹುದೇ? ಅದು ಅಪರಾಧವೇ?
– ಓದುಗರು, ಧಾರವಾಡ

ಉತ್ತರ: ಇದು ತಡೆಯೋ, ತಾಂತ್ರಿಕ ದೋಷವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ನಮ್ಮ ದೇಶದಲ್ಲಿ ಸರ್ಕಾರ ಆದೇಶ ಕೊಡುತ್ತದೆ, ಅದನ್ನು ಜಾರಿಗೆ ತರುವುದು ಇಂಟರ್ನೆಟ್ ಕಂಪನಿಗಳು. ಒಂದೊಂದು ಕಂಪನಿಯ ವಿಧಾನ ಒಂದೊಂದು. ಒಂದು ಕಂಪನಿ ನಿಮ್ಮ ತಾಣದ ಹೆಸರಿಗೆ ತಪ್ಪು ವಿಳಾಸ ಕೊಡುತ್ತದೆ; ಇನ್ನೊಂದು, ಸಂಪರ್ಕದ ಆರಂಭದಲ್ಲೇ ತಾಣದ ಹೆಸರನ್ನು ಓದಿ ಸಂಪರ್ಕ ಕಡಿಯುತ್ತದೆ. ಹಾಗಾಗಿ ಒಂದು ಸಿಮ್‌ನಲ್ಲಿ ತೆರೆದದ್ದು ಇನ್ನೊಂದರಲ್ಲಿ ತೆರೆಯದಿದ್ದರೆ ತಡೆಯೆಂದು ಶಂಕಿಸಲು ಕಾರಣವಿದೆ. ಊನಿ ಪ್ರೋಬ್ ಎಂಬ ಉಚಿತ ಆ್ಯಪ್ ಇದನ್ನು ಪರೀಕ್ಷಿಸುತ್ತದೆ. ಅದರ ಫಲಿತಾಂಶ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ ಎಂಬುದು ಗೊತ್ತಿರಲಿ. ದಿನಾಂಕ, ಕಂಪನಿಯ ಹೆಸರು, ಪರದೆಯ ಚಿತ್ರ ಎಲ್ಲವನ್ನೂ ತೆಗೆದಿಡಿ.

ನೋಟಿಸ್ ಬಾರದಿರುವುದು ಆಶ್ಚರ್ಯವಲ್ಲ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ದೊಡ್ಡ ಅನ್ಯಾಯವೇ ಅದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ತಡೆಯ ಅಧಿಕಾರ ಕೊಡುತ್ತದೆ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಮನ್ನು ರದ್ದುಪಡಿಸಿದರೂ 69ಎ ಕಲಮನ್ನು ಉಳಿಸಿತು. ಆದೇಶಕ್ಕೆ ಲಿಖಿತ ಕಾರಣವಿರಬೇಕು, ಪತ್ತೆಯಾದರೆ ಬರೆದವರ ಮಾತನ್ನೂ ಕೇಳಬೇಕು ಎಂಬ ರಕ್ಷಣೆಗಳು ಅದರಲ್ಲಿವೆ ಎಂಬುದು ನ್ಯಾಯಾಲಯ ಕಂಡ ಕಾರಣಗಳಲ್ಲಿ ಒಂದು. ಆದರೆ ಈ ಕಲಮಿನಡಿ ಮಾಡಿದ 2009ರ ತಡೆ ನಿಯಮಗಳ 16ನೇ ನಿಯಮ ಇಡೀ ಪ್ರಕ್ರಿಯೆಯನ್ನು ಗೋಪ್ಯವಾಗಿಡಲು ಹೇಳುತ್ತದೆ. ಹೀಗಾಗಿ ತಾಣ ತೆರೆಯುತ್ತಿಲ್ಲ ಎಂಬ ಸುದ್ದಿಯನ್ನು ಕಲಾವಿದ ತನ್ನ ಓದುಗರಿಂದಲೇ ತಿಳಿಯಬೇಕಾಗಿ ಬರುತ್ತದೆ.

1926ರಿಂದ ನಡೆದುಬಂದಿರುವ ತಮಿಳಿನ ವಿಕಟನ್ ಬಳಗಕ್ಕೂ ಇದು ತಪ್ಪಲಿಲ್ಲ. 2025ರ ಫೆಬ್ರುವರಿಯಲ್ಲಿ, ಟ್ರಂಪ್ ಪಕ್ಕದಲ್ಲಿ ಪ್ರಧಾನಿ ಸಂಕೋಲೆ ತೊಟ್ಟು ಕುಳಿತಿರುವ ಒಂದು ವ್ಯಂಗ್ಯಚಿತ್ರದ ಕಾರಣಕ್ಕೆ ಅದರ ಇಡೀ ಜಾಲತಾಣ ಓದುಗರಿಗೆ ಸಿಗದಂತಾಯಿತು. ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಡೆ ತೆಗೆಯಲು ಹೇಳಿತು. ಆ ಚಿತ್ರವನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ. ನೀವೂ ಇಂಟರ್ನೆಟ್ ಕಂಪನಿಗೆ ಮತ್ತು ಎಲೆಕ್ಟ್ರಾನಿಕ್ಸ್ ಹಾಗೂ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಬರೆಯಿರಿ, ಮಾಹಿತಿ ಹಕ್ಕಿನಡಿ ಆದೇಶದ ಪ್ರತಿ ಕೇಳಿ. ನಿರಾಕರಿಸಿದರೂ ಆ ಉತ್ತರ ರಿಟ್ ಅರ್ಜಿಗೆ ದಾಖಲೆಯಾಗುತ್ತದೆ. ಹೈಕೋರ್ಟ್ ಪೀಠ ನಿಮ್ಮೂರಿನಲ್ಲೇ ಇದೆ.

ಇನ್ನು ವಿಪಿಎನ್. ಅದನ್ನು ದೇಶದಾದ್ಯಂತ ನಿಷೇಧಿಸುವ ಕಾನೂನು ಇಲ್ಲ. ಆದರೆ ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ತಾತ್ಕಾಲಿಕ ನಿಷೇಧ ಬಂದಿದೆ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟ ಮೇಲೆ ಹಲವು ವಿದೇಶಿ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನು ತೆಗೆದವು. ವಿಪಿಎನ್ ಬಳಸಿದರೆ, ನೀವು ಏನು ನೋಡುತ್ತಿದ್ದೀರಿ ಎಂಬುದು ಮೊಬೈಲ್ ಕಂಪನಿಯ ಬದಲು ವಿಪಿಎನ್ ಕಂಪನಿಗೆ ತಿಳಿಯುತ್ತದೆ. ಯಾರೂ ಹೆಸರು ಕೇಳಿರದ ಉಚಿತ ವಿಪಿಎನ್ ಆ್ಯಪ್‌ಗಳನ್ನು ದಯವಿಟ್ಟು ಯಾರಿಗೂ ಸೂಚಿಸಬೇಡಿ. ಟಾರ್ ಎಂಬ ಬ್ರೌಸರ್ ನಿಮ್ಮ ಸಂಪರ್ಕವನ್ನು ಸಾಮಾನ್ಯವಾಗಿ ಮೂರು ಕಂಪ್ಯೂಟರ್‌ಗಳ ಮೂಲಕ ಹಾಯಿಸುತ್ತದೆ. ನೋಡುವವರು ಯಾರು, ನೋಡುತ್ತಿರುವುದು ಏನು ಎಂಬ ಎರಡೂ ಆ ಮೂರರಲ್ಲಿ ಯಾವುದೇ ಒಂದಕ್ಕೆ ತಿಳಿಯುವುದಿಲ್ಲ. ನಿಧಾನ ನಿಜ, ಚಿತ್ರ ನೋಡಲು ಸಾಕು. ಆದರೆ ನಿಮ್ಮ ತಾಣದ ವಿರುದ್ಧ ಆದೇಶವಿರುವುದು ಖಚಿತವಾದರೆ, ತಡೆ ದಾಟುವ ದಾರಿಯನ್ನು ನಿಮ್ಮ ಹೆಸರಿನಲ್ಲಿ ಪ್ರಚಾರ ಮಾಡುವ ಮೊದಲು ವಕೀಲರನ್ನು ಕೇಳಿ.

ನೀವು ಕೇಳದಿದ್ದರೂ ನಾನು ಒತ್ತಿ ಹೇಳಬೇಕಾದದ್ದು ಬೇರೆಯೇ ಇದೆ. 2011ರ ಡಿಸೆಂಬರ್‌ನಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಅವರ ತಾಣವನ್ನು ಮುಂಬೈ ಪೊಲೀಸರ ಸೂಚನೆಯ ಮೇರೆಗೆ ಡೊಮೇನ್ (ತಾಣದ ಹೆಸರು) ಮಾರಿದ ಕಂಪನಿಯೇ ಸ್ಥಗಿತಗೊಳಿಸಿತು. ಅಲ್ಲಿ ವಿಪಿಎನ್‌ನಿಂದ ಏನೂ ಆಗುತ್ತಿರಲಿಲ್ಲ. ದಾಟಿ ಹೋಗಲು ಆಚೆ ತಾಣವೇ ಇರಲಿಲ್ಲ. ಚಿತ್ರಗಳು ಅವರ ಕೈಯಲ್ಲಿದ್ದುದರಿಂದ ಬೇರೆಡೆ ಮತ್ತೆ ಹಾಕಿದರು. ನೀವೂ ಮೂಲ ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಡಿ, ಒಂದು ಬೇರೆ ಮನೆಯಲ್ಲಿರಲಿ. ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ, ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿ ಅಲ್ಲ. ಓದುಗರ ಇಮೇಲ್ ಪಟ್ಟಿಯನ್ನು ಇಂದೇ ಆರಂಭಿಸಿ. ತಾಣದ ವಿಳಾಸ ಬದಲಾದರೆ ತಿಳಿಸಲು ಅದಕ್ಕಿಂತ ಗಟ್ಟಿಯಾದ ದಾರಿ ಇಲ್ಲ. ಆ ಪಟ್ಟಿಯನ್ನು ಜೋಪಾನ ಮಾಡಿ, ಅದರಲ್ಲಿರುವುದು ಬೇರೆಯವರ ಗುಟ್ಟು. ಚಿತ್ರದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದು ಹಾಕುವವರಾದರೆ ಫೈಲಿನಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಪುಟದ ನಕಲು ಉಳಿಸಿ. ಆದರೆ ಅದೊಂದನ್ನೇ ನಂಬಬೇಡಿ. ಸಿನಿಮಾ ಪೈರಸಿ ವಿರುದ್ಧ ನಿರ್ಮಾಪಕರು ಮದ್ರಾಸ್ ಹೈಕೋರ್ಟಿನಲ್ಲಿ ಪಡೆದ ಆದೇಶದಿಂದ 2017ರ ಆಗಸ್ಟ್‌ನಲ್ಲಿ ಆ ಆರ್ಕೈವ್‌ಗೇ ಭಾರತದಲ್ಲಿ ತಡೆ ಬಿದ್ದಿತ್ತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಿಂದ ಕೆಲವು ದಿನ ಸ್ಥಗಿತವಾಗಿತ್ತು. ನಿಮಗೆ ಒಪ್ಪಿಗೆಯಿದ್ದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಹೆಸರು ಹಾಕಿ ಲಾಭವಿಲ್ಲದೆ ಹಂಚಬಹುದೆಂದು ಚಿತ್ರದ ಕೆಳಗೇ ಬರೆಯಿರಿ. ಆಗ ನೂರಾರು ಓದುಗರು ಹಕ್ಕಿನಿಂದಲೇ ನಕಲು ಇಟ್ಟುಕೊಳ್ಳಬಹುದು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು, ಯೋಚಿಸಿ ಕೊಡಿ.

ಪ್ರಶ್ನೆ: ದುಬೈನಲ್ಲಿದ್ದೇನೆ. ಕೆಲವು ಸ್ವತಂತ್ರ ಸಾಕ್ಷ್ಯಚಿತ್ರಗಳು ಇಲ್ಲಿ ತೆರೆಯುವುದಿಲ್ಲ. ವಿಪಿಎನ್ ಹಾಕಿಕೊಳ್ಳಲೇ?
– ಓದುಗರು, ದುಬೈ

ಉತ್ತರ: ಪರದೆಯ ಮೇಲಿನ ಸೂಚನೆಯನ್ನು ಗಮನವಿಟ್ಟು ಓದಿ. ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ವಿಡಿಯೊ ತಾಣವೇ ಹೇಳುತ್ತಿದ್ದರೆ ಅದು ಹೆಚ್ಚಾಗಿ ಹಂಚಿಕೆ ಹಕ್ಕಿನ ವಿಷಯ, ನಿರ್ದೇಶಕರಿಗೇ ಬರೆಯಿರಿ. ಅವರಲ್ಲಿ ಅನೇಕರು ಪಾಸ್‌ವರ್ಡ್ ಇರುವ ಲಿಂಕ್ ಸಂತೋಷದಿಂದ ಕಳಿಸುತ್ತಾರೆ, ಸಾಧ್ಯವಾದರೆ ಹಣ ಕೊಟ್ಟು ನೋಡಿ. ಅಲ್ಲಿನ ಸರ್ಕಾರದ ತಡೆಪುಟ ಕಾಣಿಸಿದರೆ ಮಾತ್ರ ಸಾಹಸ ಬೇಡ. ಅಲ್ಲಿನ 2021ರ 34ನೇ ಕಾನೂನಿನ ಪ್ರಕಾರ, ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು; ವಿಪಿಎನ್ ಮುಚ್ಚುವುದು ಇದನ್ನೇ) ಮರೆಮಾಚಿದರೆ ಸೆರೆವಾಸ ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡೂ. ಕಚೇರಿ ಕೆಲಸಕ್ಕೆ ಕಂಪನಿ ಕೊಟ್ಟ ವಿಪಿಎನ್ ಬಳಸುವುದು ಬೇರೆ ಮಾತು; ಅದರಲ್ಲಿ ಸಿನಿಮಾ ನೋಡಬೇಡಿ. ಅಂಥ ಚಿತ್ರಗಳನ್ನು ರಜೆಗೆ ಊರಿಗೆ ಬಂದಾಗ ನೋಡಿ.