ಪದಮೂಲ: ಕೊಳದಿಂದ ಕೊರತೆಗೆ ಬಂದ ‘ಲಕೂನಾ’

ಪ್ರಶ್ನೆ: ನ್ಯಾಯಾಲಯದ ವರದಿಗಳಲ್ಲಿ ‘ಕಾನೂನಿನಲ್ಲಿ ಲಕೂನಾ ಇದೆ’ ಎಂಬ ಮಾತನ್ನು ಆಗಾಗ ಓದುತ್ತೇನೆ. ಈ ಪದದ ಮೂಲವೇನು? ‘ಲೂಪ್‌ಹೋಲ್’ ಎಂದರೂ ಇದೇ ಅರ್ಥವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಇದು ಲ್ಯಾಟಿನ್ ಪದ. ಕೆರೆ, ಕೊಳ ಎಂಬರ್ಥದ ‘ಲಾಕುಸ್’ನಿಂದ ಹುಟ್ಟಿದ ಇದಕ್ಕೆ ಮೊದಲಿಗಿದ್ದ ಅರ್ಥ ನೀರು ನಿಲ್ಲುವ ತಗ್ಗು, ಗುಂಡಿ ಎಂದಷ್ಟೆ. ವೆನಿಸ್ ನಗರವನ್ನು ಸುತ್ತುವರಿದಿರುವ ‘ಲಗೂನ್’ ಕೂಡ ಇಟಾಲಿಯನ್ ಭಾಷೆಯ ಮೂಲಕ ಇದರಿಂದಲೇ ಬಂದದ್ದು. ನಗುವಾಗ ಕೆನ್ನೆಯ ಮೇಲೆ ಬೀಳುವ ಗುಳಿಗಳನ್ನು ಕವಿ ಓವಿಡ್ ಇದೇ ಹೆಸರಿನಿಂದ ಕರೆದಿದ್ದಾನೆ. ಅವನಿಗಿಂತ ಮೊದಲೇ, ಸಿಸಿಲಿಯನ್ನು ಸುಲಿದ ಅಧಿಕಾರಿ ವೆರೆಸ್‌ನ ವಿರುದ್ಧ ಕ್ರಿ.ಪೂ. 70ರಲ್ಲಿ ಸಿದ್ಧಪಡಿಸಿದ ಆರೋಪಭಾಷಣದಲ್ಲಿ ರೋಮನ್ ವಾಗ್ಮಿ ಸಿಸೆರೊ, ಮನೆತನದ ಆಸ್ತಿಗೆ ಬಿದ್ದ ಖೋತಾವನ್ನು ‘ಲಕೂನಾ’ ಎಂದಿದ್ದಾನೆ.

ಪದವು 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು ಹಸ್ತಪ್ರತಿಗಳಲ್ಲಿ ನಷ್ಟವಾದ ಭಾಗವನ್ನು ಸೂಚಿಸಲು. ಇತಿಹಾಸಕಾರ ಟ್ಯಾಸಿಟಸ್‌ನ ‘ಆನಲ್ಸ್’ ಗ್ರಂಥದ 7ರಿಂದ 10ನೆಯ ಸಂಪುಟಗಳು ಉಳಿದುಬಂದಿಲ್ಲವಾದ್ದರಿಂದ, ಚಕ್ರವರ್ತಿ ಕ್ಯಾಲಿಗುಲಾನ ಆಳ್ವಿಕೆಯ ಕಥನವೆಲ್ಲವೂ ಈ ತೆರಪಿನಲ್ಲಿ ಮುಳುಗಿಹೋಗಿದೆ. ಹರಿದ ಪಪೈರಸ್ ಹಾಳೆಗಳನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕರು ಇಂಥ ಜಾಗದಲ್ಲಿ ಚೌಕಾವರಣ ಹಾಕಿ, ಅಳಿದುಹೋದ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕಿ ಇಡುತ್ತಾರೆ. ಎಷ್ಟು ಅಕ್ಷರಗಳೆಂದು ಅಂದಾಜಾದರೆ ಮಾತ್ರ. ತಾಳೆಗರಿಗಳನ್ನು ಸಂಪಾದಿಸುವ ನಮ್ಮ ವಿದ್ವಾಂಸರು ಇದನ್ನು ‘ಗ್ರಂಥಪಾತ’ ಎನ್ನುತ್ತಾರೆ. ಮೂಳೆಯೊಳಗೆ ಜೀವಕೋಶಗಳು ಕುಳಿತಿರುವ ಪುಟ್ಟ ಪೊಟರೆಗಳಿಗೂ ಅಂಗರಚನಾಶಾಸ್ತ್ರದಲ್ಲಿ ಇದೇ ಹೆಸರು.

ಇನ್ನು ಕಾನೂನಿನ ಮಾತು. ಲೂಪ್‌ಹೋಲ್ ಎಂದರೆ ಇರುವ ನಿಯಮದಲ್ಲಿಯೇ ನುಸುಳಿಕೊಂಡು ಪಾರಾಗಲು ಸಿಗುವ ಕಿಂಡಿ. ಲಕೂನಾ ಎಂದರೆ ನಿಯಮ ಇರಬೇಕಾದ ಕಡೆ ನಿಯಮವೇ ಇಲ್ಲದಿರುವುದು. ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯಲು ಪ್ರತ್ಯೇಕ ಕಾಯ್ದೆಯಿಲ್ಲದಿದ್ದಾಗ, 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಾನೇ ಮಾರ್ಗಸೂಚಿಗಳನ್ನು ವಿಧಿಸಿ ಆ ತೆರಪನ್ನು ತುಂಬಿತು. ಸಂಸತ್ತಿನ ಕಾಯ್ದೆ ಬಂದದ್ದು 2013ರಲ್ಲಿ. ಪತ್ರಿಕೆಗಳು ಲಕೂನಾವನ್ನು ‘ಲೋಪ’ ಎಂದು ಅನುವಾದಿಸುವುದು ರೂಢಿಯಾಗಿದೆಯಾದರೂ, ‘ಕರ್ತವ್ಯಲೋಪ’ದ ಬಳಕೆಯಿಂದಾಗಿ ಆ ಮಾತಿಗೆ ತಪ್ಪು ಹೊರಿಸುವ ಧಾಟಿ ಅಂಟಿಕೊಂಡಿದೆ. ಆದ್ದರಿಂದ ‘ಕಾನೂನಿನ ತೆರಪು’ ಎನ್ನುವುದೇ ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.