ಎನ್‌ಎಫ್‌ಎಲ್ ಡ್ರಾಫ್ಟ್: ಮೊದಲು ಯಾವ ಸ್ಥಾನದ ಆಟಗಾರ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಅಮೆರಿಕನ್ ಫುಟ್‌ಬಾಲ್‌ನ ಡ್ರಾಫ್ಟ್ ಕುರಿತವು. ಕಾಲೇಜು ಆಟಗಾರರನ್ನು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ, ಒಂದೊಂದು ಆಯ್ಕೆಗೂ 'ಪಿಕ್' ಎನ್ನುತ್ತಾರೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ ತಂಡಕ್ಕೆ ಕೊನೆಯದು. 2025ರಲ್ಲಿ ಹೀಗೆ 257 ಮಂದಿ ಆಯ್ಕೆಯಾದರು.

ಪ್ರಶ್ನೆ (ಬೆಂಗಳೂರು): ಬೆಳಗಿನ 5.30ಕ್ಕೆ ಎದ್ದು ಮೊದಲ ಸುತ್ತು ನೋಡುತ್ತೇನೆ. ಇದ್ದವರಲ್ಲಿ ಒಳ್ಳೆಯ ಆಟಗಾರ ಯಾರೋ ಅವರನ್ನೇ ಆರಿಸಿದರೆ ಮುಗಿಯಿತಲ್ಲ. ಸ್ಥಾನದ ಬಗ್ಗೆ ಯಾಕಿಷ್ಟು ಜಗಳ?

ಉತ್ತರ: ಜಗಳದ ಮೂಲ ಸಂಬಳದಲ್ಲಿದೆ. ಐಪಿಎಲ್ ಹರಾಜಿನಲ್ಲಿ ಆಟಗಾರನ ಬೆಲೆಯನ್ನು ಬಿಡ್ ನಿರ್ಧರಿಸುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹೊಸಬನ ಸಂಬಳವನ್ನು ಆತ ಎಷ್ಟನೇ ಪಿಕ್ ಎಂಬುದು ನಿರ್ಧರಿಸುತ್ತದೆ, ಯಾವ ಸ್ಥಾನದಲ್ಲಿ ಆಡುತ್ತಾನೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 2010ರಲ್ಲಿ ಮೊದಲ ಪಿಕ್ ಆದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದವಾಗಿತ್ತು. 2011ರಲ್ಲಿ ಹೊಸ ವೇತನ ಪಟ್ಟಿ ಜಾರಿಗೆ ಬಂತು. ಅದೇ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಮೊದಲ ಸುತ್ತಿನವರ ಒಪ್ಪಂದ ಇಂದಿಗೂ ನಾಲ್ಕು ವರ್ಷದ್ದೇ. ಐದನೇ ವರ್ಷಕ್ಕೆ ಉಳಿಸಿಕೊಳ್ಳುವ ಹಕ್ಕು ತಂಡದ ಕೈಯಲ್ಲಿರುತ್ತದೆ.

ಈಗ ಅನುಭವಿ ಆಟಗಾರರ ಪೇಟೆ ದರ ನೋಡಿ. 2025ರ ಋತು ಶುರುವಾಗುವ ಹೊತ್ತಿಗೆ ಆಯಾ ಸ್ಥಾನದ ಅತಿ ದುಬಾರಿ ಒಪ್ಪಂದಗಳ ವಾರ್ಷಿಕ ಸರಾಸರಿ ಹೀಗಿತ್ತು: ಕ್ವಾರ್ಟರ್‌ಬ್ಯಾಕ್ 6 ಕೋಟಿ ಡಾಲರ್, ಎಡ್ಜ್ ರಷರ್ (ತುದಿಯಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯುವವ) 4.7 ಕೋಟಿ, ರಿಸೀವರ್ (ಎಸೆದ ಚೆಂಡು ಹಿಡಿಯುವವ) 4 ಕೋಟಿ, ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ತಡೆಯುವವ) 3 ಕೋಟಿ, ಟ್ಯಾಕಲ್ (ಎದುರಾಳಿಯನ್ನು ತಡೆಯುವ ಐವರ ಲೈನಿನ ತುದಿಯವ) 2.85 ಕೋಟಿ, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) 2.06 ಕೋಟಿ, ಸೆಂಟರ್ (ಅದೇ ಲೈನಿನ ನಡುವಿನವ) 1.8 ಕೋಟಿ. ಆ ವರ್ಷ ಒಂದು ತಂಡ ಒಟ್ಟಾರೆ ಖರ್ಚು ಮಾಡಬಹುದಾದ ಸ್ಯಾಲರಿ ಕ್ಯಾಪ್ 27.92 ಕೋಟಿ. ಎಡ್ಜ್ ರಷರ್‌ನನ್ನು ಪೇಟೆಯಿಂದ ತಂದರೆ ಕ್ಯಾಪ್‌ನ ಆರನೇ ಒಂದು ಭಾಗ ಅವನೊಬ್ಬನಿಗೇ ಹೋಗಬಹುದು. ಅದೇ ಗುಣಮಟ್ಟದವನು ಡ್ರಾಫ್ಟ್‌ನಲ್ಲಿ ಸಿಕ್ಕರೆ ನಾಲ್ಕು ವರ್ಷ ಅದರ ಸಣ್ಣ ಪಾಲಿಗೆ ಆಡುತ್ತಾನೆ. ಹಾಗಾಗಿ ನಮ್ಮ ನಿಲುವು ಇಷ್ಟು: ಪೇಟೆಯಲ್ಲಿ ದುಬಾರಿ ಇರುವ ಸ್ಥಾನಗಳನ್ನು ಮೇಲಿನ ಪಿಕ್‌ಗಳಲ್ಲಿ ತುಂಬಿಕೊಳ್ಳಬೇಕು, ಅಗ್ಗವಾಗಿ ಸಿಗುವ ಸ್ಥಾನಗಳನ್ನು ಕೆಳಗಿನ ಸುತ್ತಿನಿಂದಲೋ ಮಾರ್ಚ್‌ನ ಫ್ರೀ ಏಜೆಂಟ್ (ಒಪ್ಪಂದ ಮುಗಿದ ಆಟಗಾರರ) ಪೇಟೆಯಿಂದಲೋ ತರಬೇಕು.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ನಮ್ಮ ನ್ಯೂಯಾರ್ಕ್ ಜೈಂಟ್ಸ್ ಬಿಟ್ಟ ವರ್ಷವೇ ಫಿಲಡೆಲ್ಫಿಯಾದಲ್ಲಿ 2,005 ಯಾರ್ಡ್ ಓಡಿ ಸೂಪರ್ ಬೌಲ್ ಗೆದ್ದರು. ಅವರನ್ನು ಆರಿಸಿದ್ದು ತಪ್ಪೋ, ಬಿಟ್ಟಿದ್ದು ತಪ್ಪೋ?

ಉತ್ತರ: ಎರಡನೇ ಪಿಕ್‌ನಲ್ಲಿ ಆರಿಸಿದ್ದು ತಪ್ಪು. ಆಟಗಾರನಲ್ಲಿ ಯಾವ ಕೊರತೆಯೂ ಇರಲಿಲ್ಲ. 2018ರಲ್ಲಿ ಅವರ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ ಸುಮಾರು 3.12 ಕೋಟಿ ಡಾಲರ್. ಒಂದೂ ಪಂದ್ಯ ಆಡುವ ಮೊದಲೇ ರನ್ನಿಂಗ್ ಬ್ಯಾಕ್‌ಗಳಲ್ಲಿ ದೊಡ್ಡ ಸಂಬಳದವರ ಸಾಲಿಗೆ ಸೇರಿಬಿಟ್ಟರು, ಡ್ರಾಫ್ಟ್‌ನಿಂದ ಆಗಬೇಕಿದ್ದ ಉಳಿತಾಯ ಅಲ್ಲೇ ಹೋಯಿತು. ಮೊದಲ ವರ್ಷ 1,307 ಯಾರ್ಡ್ ಓಡಿದರೂ ತಂಡ 5 ಗೆದ್ದು 11 ಸೋತಿತು. ಅದೇ ಡ್ರಾಫ್ಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಾದ ಜೋಶ್ ಅಲೆನ್ ಏಳನೇ ಪಿಕ್, ಲಮಾರ್ ಜಾಕ್ಸನ್ 32ನೇ ಪಿಕ್. ಜೈಂಟ್ಸ್ ಕೈಯಲ್ಲಿ 34ನೇ ಪಿಕ್ ಕೂಡ ಇತ್ತು, ನಿಕ್ ಚಬ್ ಎಂಬ ಅಪ್ಪಟ ರನ್ನಿಂಗ್ ಬ್ಯಾಕ್ 35ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದರು.

ಫಿಲಡೆಲ್ಫಿಯಾದಲ್ಲಿ ಬಾರ್ಕ್ಲಿಗೆ ದಾರಿ ಮಾಡಿಕೊಟ್ಟ ಲೈನ್ ನೋಡಿ. ಲೇನ್ ಜಾನ್ಸನ್ 2013ರ ನಾಲ್ಕನೇ ಪಿಕ್, ಲ್ಯಾಂಡನ್ ಡಿಕರ್ಸನ್ ಮತ್ತು ಕ್ಯಾಮ್ ಜರ್ಗನ್ಸ್ ಎರಡನೇ ಸುತ್ತಿನವರು. ಎಡ ಟ್ಯಾಕಲ್ ಜೋರ್ಡನ್ ಮೈಲಾಟ ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದವರು, 2018ರ 233ನೇ ಪಿಕ್. ಇಂಥ ಲೈನ್ ಮೊದಲೇ ಸಿದ್ಧವಿದ್ದಾಗ ಒಳ್ಳೆಯ ರನ್ನಿಂಗ್ ಬ್ಯಾಕ್ ಕೊನೆಯ ತುಂಡಾಗಿ ಬಂದು ಕೂರುತ್ತಾನೆ. ಲೈನ್ ಇಲ್ಲದ ತಂಡಕ್ಕೆ ಅವನನ್ನು ಮೊದಲು ತಂದರೆ ಅವನ ಒಳ್ಳೆಯ ವರ್ಷಗಳೆಲ್ಲ ಪೆಟ್ಟು ತಿನ್ನುವುದರಲ್ಲೇ ಕಳೆಯುತ್ತವೆ.

ಪ್ರಶ್ನೆ (ಸಿನ್ಸಿನಾಟಿ): 2021ರಲ್ಲಿ ನಮ್ಮ ಬೆಂಗಾಲ್ಸ್ ಐದನೇ ಪಿಕ್‌ನಲ್ಲಿ ಟ್ಯಾಕಲ್ ಪೆನೆ ಸುವೆಲ್‌ರನ್ನು ಬಿಟ್ಟು ರಿಸೀವರ್ ಜಮಾರ್ ಚೇಸ್‌ರನ್ನು ಹಿಡಿದರು. ನಮ್ಮ ಸ್ನೇಹಿತರ ಬಳಗದಲ್ಲಿ ಈ ವಾದ ಇವತ್ತಿಗೂ ಮುಗಿದಿಲ್ಲ. ನೀವೇನು ಹೇಳುತ್ತೀರಿ?

ಉತ್ತರ: ಚೇಸ್ ಆಯ್ಕೆ ಸರಿಯಾಗಿತ್ತು, ಅದರ ಹಿಂದಿನ ಯೋಜನೆಯ ಉಳಿದರ್ಧ ಕೈಕೊಟ್ಟಿತು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ: ಕ್ವಾರ್ಟರ್‌ಬ್ಯಾಕ್ ಜೋ ಬರೋ 2020ರ ನವೆಂಬರ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಿದ್ದರು, ಅವರನ್ನು ಕಾಯುವ ಲೈನ್ ಮೊದಲು ಎಂದು ಅರ್ಧ ಊರು ಹೇಳುತ್ತಿತ್ತು. ಚೇಸ್ ಮೊದಲ ವರ್ಷವೇ 1,455 ಯಾರ್ಡ್, 13 ಟಚ್‌ಡೌನ್ ಗಳಿಸಿದರು. ತಂಡ ಸೂಪರ್ ಬೌಲ್ ತಲುಪಿತು. ಇತ್ತ ಬರೋ ಲೀಗ್ ಹಂತದಲ್ಲೇ 51 ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಯ ಕೈಗೆ ಸಿಕ್ಕಿಬಿದ್ದರು. ಟೆನೆಸಿ ವಿರುದ್ಧದ ಪ್ಲೇಆಫ್‌ನಲ್ಲಿ 9 ಸಲ, ಸೂಪರ್ ಬೌಲ್‌ನಲ್ಲಿ 7 ಸಲ. ಫೈನಲ್ 20–23ರಿಂದ ಕೈತಪ್ಪಿತು. ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ, ಬೇಕಿದ್ದದ್ದು ಒಂದೇ ಯಾರ್ಡ್. ಎದುರಾಳಿ ತಂಡದ ಏರನ್ ಡೊನಾಲ್ಡ್ ಲೈನಿನ ಒಳಗಿನಿಂದ ನುಗ್ಗಿ ಬರೋ ಅವರನ್ನು ಹಿಡಿದು ತಿರುಗಿಸಿದರು, ಚೆಂಡು ಗುರಿ ತಪ್ಪಿತು. ಡೊನಾಲ್ಡ್ ಬಂದದ್ದು ಒಳಗಿನಿಂದ, ಸುವೆಲ್ ಆಡುವುದು ಲೈನಿನ ತುದಿಯಲ್ಲಿ. ಹಾಗಾಗಿ ಆ ಒಂದು ಪ್ಲೇಯನ್ನು ಹಿಡಿದು 'ಸುವೆಲ್ ಇದ್ದಿದ್ದರೆ' ಎನ್ನುವ ವಾದ ನಿಲ್ಲುವುದಿಲ್ಲ.

ಎರಡೂ ಸ್ಥಾನಗಳ ಸ್ವಭಾವವೇ ಬೇರೆ. ಲೈನಿನಲ್ಲಿ ಐವರು, ಅವರಲ್ಲಿ ಅತಿ ದುರ್ಬಲ ಯಾರೋ ಅವರ ಮೇಲೆಯೇ ಎದುರಾಳಿ ಕೈ ಹಾಕುತ್ತಾನೆ. ನಾಲ್ವರು ಚೆನ್ನಾಗಿದ್ದು ಒಬ್ಬ ಸೋತರೂ ಪ್ಲೇ ಕೆಟ್ಟಿತು. ರಿಸೀವರ್‌ಗಳಲ್ಲಿ ಲೆಕ್ಕ ತಿರುಗುಮುರುಗು: ಒಬ್ಬ ಅಸಾಧಾರಣನಾಗಿದ್ದರೆ ಅವನ ಮೇಲೆ ಇಬ್ಬರನ್ನು ನಿಲ್ಲಿಸಬೇಕು, ಉಳಿದವರಿಗೆ ಜಾಗ ತಾನಾಗಿ ತೆರೆಯುತ್ತದೆ. ಆದ್ದರಿಂದ ರಿಸೀವರ್‌ನಲ್ಲಿ ಶಿಖರ ಹುಡುಕಬೇಕು, ಲೈನಿನಲ್ಲಿ ಹಳ್ಳ ಮುಚ್ಚಬೇಕು.

ಬೆಂಗಾಲ್ಸ್ ಹಳ್ಳ ಮುಚ್ಚಲು ನಂಬಿದ್ದು ಎರಡನೇ ಸುತ್ತನ್ನು. 38ನೇ ಪಿಕ್ ಇತ್ತು, ಅದನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು (ಪಿಕ್‌ಗಳನ್ನು ತಂಡಗಳು ವಿನಿಮಯ ಮಾಡಿಕೊಳ್ಳಬಹುದು) 46ಕ್ಕೆ ಇಳಿದು ಜಾಕ್ಸನ್ ಕಾರ್ಮನ್‌ರನ್ನು ಆರಿಸಿದರು. ಅವರು ಆರಂಭಿಕನಾಗಿ ನೆಲೆಯೂರಲೇ ಇಲ್ಲ. ಆಮೇಲೆ 2022ರಲ್ಲಿ ಮೂವರು ಲೈನ್‌ಮನ್‌ಗಳನ್ನು ಪೇಟೆಯಿಂದ ತಂದರು, 2023ರಲ್ಲಿ ಆರ್ಲಾಂಡೊ ಬ್ರೌನ್‌ಗೆ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟರು.

ಇಂಥ ಇಕ್ಕಟ್ಟಿನಲ್ಲಿ ಮಾಡಬೇಕಾದ ಲೆಕ್ಕ ಜೋಡಿಯದು. 'ಐದರಲ್ಲಿ ರಿಸೀವರ್, 38ರಲ್ಲಿ ಸಿಗಬಹುದಾದ ಟ್ಯಾಕಲ್' ಒಂದು ಜೋಡಿ, 'ಐದರಲ್ಲಿ ಟ್ಯಾಕಲ್, 38ರಲ್ಲಿ ಸಿಗಬಹುದಾದ ರಿಸೀವರ್' ಇನ್ನೊಂದು. ಎರಡನೇ ಸುತ್ತಿಗೆ ಹೋಗುವಷ್ಟರಲ್ಲಿ ಯಾವ ಸ್ಥಾನದಲ್ಲಿ ಗುಣಮಟ್ಟ ಹೆಚ್ಚು ಕುಸಿಯುತ್ತದೋ ಅದನ್ನು ಮೊದಲು ಹಿಡಿಯಬೇಕು. ಡೆಟ್ರಾಯಿಟ್ ಆ ವರ್ಷ ಏಳರಲ್ಲಿ ಸುವೆಲ್‌ರನ್ನು, 112ರಲ್ಲಿ ರಿಸೀವರ್ ಅಮಾನ್-ರಾ ಸೇಂಟ್ ಬ್ರೌನ್‌ರನ್ನು ಪಡೆಯಿತು. ನಿಮ್ಮ ಬಳಗದಲ್ಲಿ ಸುವೆಲ್ ಪರ ಇರುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗದು. ಆದರೂ 112ನೇ ಪಿಕ್‌ನಲ್ಲಿ ತಾರೆ ಸಿಗುತ್ತಾನೆಂದು ಯೋಜನೆ ಹಾಕಲು ಬರುವುದಿಲ್ಲ.

ಪ್ರಶ್ನೆ (ಫ್ರಿಸ್ಕೊ, ಟೆಕ್ಸಸ್): 2025ರಲ್ಲಿ ಡಲ್ಲಾಸ್ ಕೌಬಾಯ್ಸ್ 12ನೇ ಪಿಕ್‌ನಲ್ಲಿ ಟೈಲರ್ ಬುಕರ್ ಎಂಬ ಗಾರ್ಡ್‌ರನ್ನು (ಲೈನಿನಲ್ಲಿ ಸೆಂಟರ್ ಮತ್ತು ಟ್ಯಾಕಲ್ ನಡುವಿನವರು) ತೆಗೆದುಕೊಂಡರು. ಗಾರ್ಡ್‌ರನ್ನು ಅಷ್ಟು ಮೇಲೆ ಆರಿಸಬಾರದು ಅನ್ನುತ್ತಾರಲ್ಲ?

ಉತ್ತರ: ಆ ಮಾತಿಗೆ ಆಧಾರವಿದೆ. ಗಾರ್ಡ್, ಸೆಂಟರ್ ಕೆಳಗೂ ಸಿಗುತ್ತಾರೆ: 2021ರಲ್ಲಿ ಕಾನ್ಸಾಸ್ ಸಿಟಿ ಸೆಂಟರ್ ಕ್ರೀಡ್ ಹಂಫ್ರಿಯನ್ನು 63ರಲ್ಲಿ, ಗಾರ್ಡ್ ಟ್ರೇ ಸ್ಮಿತ್‌ರನ್ನು 226ರಲ್ಲಿ ಪಡೆಯಿತು. ಇನ್ನೊಂದು ತೊಡಕು ಐದನೇ ವರ್ಷದ ಹಕ್ಕಿನಲ್ಲಿದೆ. ಅದರ ದರ ಕಟ್ಟುವಾಗ ಟ್ಯಾಕಲ್, ಗಾರ್ಡ್, ಸೆಂಟರ್ ಮೂವರನ್ನೂ ಒಂದೇ ಗುಂಪಿಗೆ ಹಾಕುತ್ತಾರೆ. ಸೆಂಟರ್‌ಗೂ ಟ್ಯಾಕಲ್ ದರ ಬೀಳುತ್ತದೆ. ಬಾಲ್ಟಿಮೋರ್ 2025ರಲ್ಲಿ ತನ್ನ ಒಳ್ಳೆಯ ಸೆಂಟರ್ ಟೈಲರ್ ಲಿಂಡರ್‌ಬಾಮ್ ವಿಷಯದಲ್ಲಿ ಆ ಹಕ್ಕು ಬಳಸದೇ ಬಿಟ್ಟಿತು.

ಆದರೆ ಪೇಟೆ ಬದಲಾಗಿದೆ. ಕೌಬಾಯ್ಸ್ 2025ರಲ್ಲಿ ತಮ್ಮದೇ ಗಾರ್ಡ್ ಟೈಲರ್ ಸ್ಮಿತ್‌ಗೆ ವರ್ಷಕ್ಕೆ 2.4 ಕೋಟಿ ಡಾಲರ್ ಸರಾಸರಿಯ ಒಪ್ಪಂದ ಕೊಟ್ಟರು. ಬುಕರ್‌ಗೆ ನಾಲ್ಕೂ ವರ್ಷ ಸೇರಿ ಸುಮಾರು 2.2 ಕೋಟಿ. ಝ್ಯಾಕ್ ಮಾರ್ಟಿನ್ ನಿವೃತ್ತರಾಗಿ ಬಲ ಗಾರ್ಡ್ ಜಾಗ ಖಾಲಿಯೂ ಇತ್ತು. ನಮ್ಮ ಪ್ರಕಾರ ಆಯ್ಕೆ ಸಮರ್ಥನೀಯ, ಅದೇ ದರ್ಜೆಯ ಎಡ್ಜ್ ರಷರ್ ಅಥವಾ ಟ್ಯಾಕಲ್ ಆಗ ಉಳಿದಿರಲಿಲ್ಲ ಎಂದಾದರೆ ಮಾತ್ರ. ಲೈನ್‌ನ ಬೆಲೆ ಡಲ್ಲಾಸ್‌ಗೆ ಚೆನ್ನಾಗಿ ಗೊತ್ತು. ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಮಾರ್ಟಿನ್ ಮೂವರೂ ಅವರ ಮೊದಲ ಸುತ್ತಿನ ಆಯ್ಕೆಗಳು. ಅವರ ಹಿಂದೆ 2014ರಲ್ಲಿ ರನ್ನಿಂಗ್ ಬ್ಯಾಕ್ ಡಿಮಾರ್ಕೊ ಮರ್ರಿ 1,845 ಯಾರ್ಡ್ ಓಡಿದರು. ಮರ್ರಿ ತಂಡ ಬಿಟ್ಟ ಮರುವರ್ಷ ಡ್ಯಾರನ್ ಮ್ಯಾಕ್‌ಫಾಡನ್ ಅಲ್ಲೇ 1,089 ಓಡಿದರೆ, ಫಿಲಡೆಲ್ಫಿಯಾ ಸೇರಿದ ಮರ್ರಿ 702ಕ್ಕೆ ಇಳಿದರು.

ಯಾರು ಟ್ಯಾಕಲ್, ಯಾರು ಗಾರ್ಡ್ ಎಂದು ಗುರುತಿಸುವಾಗ ತಂಡಗಳು ಎಡವುವುದು ತೋಳಿನ ಉದ್ದದಲ್ಲಿ. ಟ್ಯಾಕಲ್‌ಗೆ 33 ಇಂಚು ತೋಳು ಬೇಕೆಂಬುದು ವಾಡಿಕೆ. ತುದಿಯಲ್ಲಿ ಓಡಿ ಬರುವ ರಷರ್‌ನ ಕೈ ಮೊದಲು ಎದೆಗೆ ತಗುಲಿದರೆ ಟ್ಯಾಕಲ್ ಹಿಂದಕ್ಕೆ ವಾಲುತ್ತಾನೆ. ಗಾರ್ಡ್‌ನ ಎರಡೂ ಪಕ್ಕದಲ್ಲಿ ಜೊತೆಗಾರರಿರುವುದರಿಂದ ತುಸು ಗಿಡ್ಡ ತೋಳು ನಡೆಯುತ್ತದೆ. ಮಾರ್ಟಿನ್ ಕೂಡ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಟ್ಯಾಕಲ್ ಆಗಿದ್ದು, ಡಲ್ಲಾಸ್‌ನಲ್ಲಿ ಗಾರ್ಡ್ ಆದವರು. ಆಮೇಲೆ ಗಾರ್ಡ್ ಆಗಬೇಕಾದವನಿಗೆ ಟ್ಯಾಕಲ್ ಲೆಕ್ಕದಲ್ಲಿ ಮೇಲಿನ ಪಿಕ್ ಸುರಿದರೆ ಎರಡೂ ಕಡೆ ನಷ್ಟ.

ಪ್ರಶ್ನೆ (ಸನಿವೇಲ್, ಕ್ಯಾಲಿಫೋರ್ನಿಯಾ): ನಮ್ಮ ಸ್ಯಾನ್ ಫ್ರಾನ್ಸಿಸ್ಕೊ 49ರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 262ನೇ ಪಿಕ್, ಅಂದರೆ 2022ರ ಕಟ್ಟಕಡೆಯವರು. ಹಾಗಿದ್ದ ಮೇಲೆ ಕ್ವಾರ್ಟರ್‌ಬ್ಯಾಕ್‌ಗಾಗಿ ಮೊದಲ ಸುತ್ತು ಯಾಕೆ ಖರ್ಚು ಮಾಡಬೇಕು?

ಉತ್ತರ: ಪರ್ಡಿ, ಟಾಮ್ ಬ್ರೇಡಿ (2000ರ 199ನೇ ಪಿಕ್) ಥರದವರ ಹೆಸರು ನೆನಪಿರುವುದೇ ಅಂಥವರು ಅಪರೂಪ ಎಂಬ ಕಾರಣಕ್ಕೆ. ಯೋಗ್ಯನೆಂದು ನಂಬಿಕೆ ಇರುವ ಕ್ವಾರ್ಟರ್‌ಬ್ಯಾಕ್ ಸಿಗುವಂತಿದ್ದರೆ ಉಳಿದ ಸ್ಥಾನಗಳ ಚರ್ಚೆಯನ್ನೇ ಬದಿಗಿಡಬೇಕು. 2017ರಲ್ಲಿ ಕಾನ್ಸಾಸ್ ಸಿಟಿ 27 ಮತ್ತು 91ನೇ ಪಿಕ್ ಜೊತೆ ಮರುವರ್ಷದ ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟು ಹತ್ತಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಪಡೆಯಿತು.

ಆದರೆ ಬೇಕೇ ಬೇಕೆಂಬ ಹಟದಲ್ಲಿ ಏರಿದರೆ ಏನಾಗುತ್ತದೆಂದು ನಿಮ್ಮ 49ರ್ಸ್ ತಂಡವೇ ತೋರಿಸಿದೆ. 2021ರಲ್ಲಿ ಟ್ರೇ ಲ್ಯಾನ್ಸ್‌ಗಾಗಿ 12ರಿಂದ 3ಕ್ಕೆ ಏರಲು ಇನ್ನೆರಡು ವರ್ಷಗಳ ಮೊದಲ ಸುತ್ತು, ಜೊತೆಗೊಂದು ಮೂರನೇ ಸುತ್ತು ಕೊಟ್ಟರು. 2023ರಲ್ಲಿ ಅವರನ್ನು ಡಲ್ಲಾಸ್‌ಗೆ ಬಿಟ್ಟುಕೊಟ್ಟದ್ದು ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ. ಕೈಬಿಟ್ಟ ಆ 12ನೇ ಪಿಕ್ ಮಯಾಮಿ, ಫಿಲಡೆಲ್ಫಿಯಾ ದಾಟಿ ಡಲ್ಲಾಸ್ ಸೇರಿತು. ಅದರಲ್ಲಿ ಬಂದವರು ಎಡ್ಜ್ ರಷರ್ ಮೈಕಾ ಪಾರ್ಸನ್ಸ್. 2025ರಲ್ಲಿ ಗ್ರೀನ್ ಬೇ ಅವರಿಗಾಗಿ ಎರಡು ಮೊದಲ ಸುತ್ತುಗಳನ್ನೂ ಆಟಗಾರ ಕೆನ್ನಿ ಕ್ಲಾರ್ಕ್‌ರನ್ನೂ ಕೊಟ್ಟಿತು. ಮೇಲೆ ಹೇಳಿದ 4.7 ಕೋಟಿಯ ಒಪ್ಪಂದ ಅವರದೇ.

ಪ್ರಶ್ನೆ (ಮೈಸೂರು): ನನ್ನ ತಂಡಕ್ಕೆ ಯಾರು ಬೇಕೆಂದು ನಾನೇ ಪಟ್ಟಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು 22 ಆರಂಭಿಕರ ಹೆಸರು ಬರೆಯಿರಿ. ಜೊತೆಗೆ ಮೂರನೇ ಕಾರ್ನರ್, ಮೂರನೇ ಎಡ್ಜ್ ರಷರ್ ಸೇರಿಸಿ, ಇವರಿಬ್ಬರೂ ಈಗ ಬಹುಪಾಲು ಆರಂಭಿಕರೇ. ಪ್ರತಿ ಹೆಸರಿನ ಮುಂದೆ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷ ಹಾಕಿ. ಮುಂದಿನ ವರ್ಷ ಬಿಟ್ಟುಹೋಗುವ ಟ್ಯಾಕಲ್‌ನ ಬದಲಿಯನ್ನು ಈ ವರ್ಷವೇ ಹುಡುಕಬೇಕು, ಹೊಸಬನಿಗೆ ಪಳಗಲು ಒಂದು ಋತು ಬೇಕಾಗುತ್ತದೆ.

ಕಾಲೇಜು ಆಟಗಾರರಿಗೆ 1, 2, 3 ಎಂದು ಅಂಕಿ ಕೊಡಬೇಡಿ, ದರ್ಜೆಗಳಾಗಿ ವಿಂಗಡಿಸಿ. ಸರದಿ ಬಂದಾಗ ಉಳಿದವರಲ್ಲಿ ಅತಿ ಮೇಲಿನ ದರ್ಜೆ ನೋಡಿ, ಅದರೊಳಗೆ ಪೇಟೆಯಲ್ಲಿ ದುಬಾರಿಯಾದ ಸ್ಥಾನವನ್ನು ಮೊದಲು ಆರಿಸಿ. ಅಲ್ಲೂ ಸಮ ಬಂದರೆ ಮಾತ್ರ ತಂಡದ ಕೊರತೆ ನೋಡಿ. ಕೊರತೆ ತುಂಬಲು ಕೆಳಗಿನ ದರ್ಜೆಗೆ ಇಳಿಯಬೇಡಿ. ಅತಿ ಹೆಚ್ಚು ಪಿಕ್‌ಗಳು ಹಾಳಾಗುವುದು ಇದೊಂದರಿಂದ.

ಒಂದೇ ದರ್ಜೆಯಲ್ಲಿ ಐದಾರು ಮಂದಿ ಉಳಿದಿದ್ದರೆ ಕೆಳಗಿಳಿಯುವ ವ್ಯಾಪಾರ ಹುಡುಕಿ. ಡಲ್ಲಾಸ್‌ನ ಕೋಚ್ ಜಿಮ್ಮಿ ಜಾನ್ಸನ್ ಕಾಲದ, ಪಿಕ್‌ಗಳ ಬೆಲೆ ಅಳೆಯುವ ಅಂಕಪಟ್ಟಿಯಲ್ಲಿ 12ನೇ ಪಿಕ್‌ಗೆ 1,200 ಅಂಕ, 20ಕ್ಕೆ 850, 52ಕ್ಕೆ 380. ಅಂದರೆ 12 ಕೊಟ್ಟು 20 ಮತ್ತು 52 ಪಡೆಯುವುದು ಹೆಚ್ಚುಕಡಿಮೆ ಸಮ ವ್ಯಾಪಾರ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ನಡೆಸಿದ ಅಧ್ಯಯನದಲ್ಲಿ, ಒಂದು ಸ್ಥಾನದಲ್ಲಿ ಮೊದಲು ಆಯ್ಕೆಯಾದವನು ಅದೇ ಸ್ಥಾನದಲ್ಲಿ ತನ್ನ ನಂತರ ಆಯ್ಕೆಯಾದ ಮುಂದಿನವನಿಗಿಂತ ಉತ್ತಮನಾಗುವ ಸಾಧ್ಯತೆ ಕೇವಲ 52% ಎಂದು ಕಂಡುಬಂತು. ಕ್ವಾರ್ಟರ್‌ಬ್ಯಾಕ್ ಬಿಟ್ಟು ಬೇರೆ ಯಾರಿಗಾಗಿಯೂ ಎರಡು ಪಿಕ್ ಕೊಟ್ಟು ಒಂದಕ್ಕೆ ಏರಬೇಡಿ ಎಂದು ನಾವು ಹೇಳುವುದು ಇದರಿಂದಲೇ.

ಮತ್ತೆ, ಈ ಕೆಲಸವನ್ನು ಡ್ರಾಫ್ಟ್ ನಡೆಯುವ ಏಪ್ರಿಲ್‌ವರೆಗೆ ಮುಂದೂಡಬೇಡಿ. ಮಾರ್ಚ್‌ನ ಫ್ರೀ ಏಜೆಂಟ್ ಪೇಟೆಯಲ್ಲಿ ನಿಮ್ಮ ತಂಡ ಸೇಫ್ಟಿ (ರಕ್ಷಣೆಯ ಹಿಂದಿನ ಸಾಲಿನವ), ಗಾರ್ಡ್, ಒಳ ಲೈನ್‌ಬ್ಯಾಕರ್ (ರಕ್ಷಣೆಯ ನಡು ಸಾಲಿನವ) ಜಾಗಗಳನ್ನು ಒಂದು ವರ್ಷದ ಅಗ್ಗದ ಒಪ್ಪಂದಗಳಿಂದ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ಡ್ರಾಫ್ಟ್ ದಿನ ಕೈ ಕಟ್ಟಿರುವುದಿಲ್ಲ. ಮುಚ್ಚಿರದಿದ್ದರೆ ನಿಮ್ಮ ತಂಡ ಯಾವ ಸ್ಥಾನಕ್ಕೆ ಹೋಗುತ್ತದೆಂದು ಉಳಿದ 31 ತಂಡಗಳಿಗೂ ಮೊದಲೇ ಗೊತ್ತಿರುತ್ತದೆ. ನೀವು ಕಾಯುತ್ತಿರುವ ಆಟಗಾರನನ್ನು ಯಾರಾದರೂ ಒಂದು ಪಿಕ್ ಮುಂದೆ ಬಂದು ಎತ್ತಿಕೊಂಡು ಹೋಗಬಹುದು.