ಡಿಸೆಂಬರಿನ ಚೆನ್ನೈ: ಎಷ್ಟು ಕಛೇರಿ ಕೇಳಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಚಿಕ್ಕವಳಿದ್ದಾಗ ವರ್ಣದವರೆಗೆ, ಅಂದರೆ ಆರಂಭದ ಪಾಠಗಳ ಮುಂದಿನ ಹಂತದವರೆಗೆ, ಕರ್ನಾಟಕ ಸಂಗೀತ ಕಲಿತು ಬಿಟ್ಟವಳು. ಈ ಡಿಸೆಂಬರಿನಲ್ಲಿ ಯಜಮಾನರೊಂದಿಗೆ ನಾಲ್ಕು ದಿನ ಚೆನ್ನೈಗೆ ಹೋಗಿ ಅಲ್ಲಿನ ಸಂಗೀತೋತ್ಸವದ ಕಛೇರಿಗಳನ್ನು ಕೇಳಬೇಕೆಂಬ ಆಸೆಯಿದೆ. ಅವರಿಗೆ ಮೊಣಕಾಲು ನೋವು. ದಿನಕ್ಕೆ ನಾಲ್ವರಂತೆ ಹದಿನಾರು ಕಲಾವಿದರ ಪಟ್ಟಿ ಮಾಡಿಕೊಂಡಿದ್ದೇನೆ. ಟಿಕೆಟ್, ವಸತಿ, ಪ್ರಯಾಣಗಳ ಬಗ್ಗೆ ಸಲಹೆ ನೀಡುವಿರಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಆ ಪಟ್ಟಿಯನ್ನು ಅರ್ಧಕ್ಕಿಳಿಸಿ. ಸಂಜೆಯ ಪ್ರಧಾನ ಕಛೇರಿಯೊಂದು ಸುಮಾರು ಎರಡೂವರೆ ಗಂಟೆ ನಡೆಯುತ್ತದೆ. ಅಂಥವನ್ನು ಒಂದರ ಹಿಂದೊಂದು ಕೇಳುತ್ತ ಹೋದರೆ ಮೂರನೆಯದರ ಹೊತ್ತಿಗೆ ಮೊದಲು ಕೇಳಿದ ತೋಡಿ ರಾಗ ಯಾರದು, ಆಮೇಲಿನ ಕಾಂಬೋಧಿ ರಾಗ ಯಾರದು ಎಂಬುದೇ ನೆನಪಿನಲ್ಲಿ ಉಳಿಯುವುದಿಲ್ಲ. ದಿನಕ್ಕೆ ಎರಡು ಸಾಕು, ಒಂದು ಮಧ್ಯಾಹ್ನ, ಒಂದು ಸಂಜೆ.

ಕಲಾವಿದರನ್ನು ಆರಿಸುವುದಕ್ಕಿಂತ ಮೊದಲು ಬಡಾವಣೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. ಮೈಲಾಪುರದಲ್ಲಿ ಅಥವಾ ಪಕ್ಕದ ಆಳ್ವಾರ್‌ಪೇಟೆಯಲ್ಲಿ ಕೋಣೆ ಹಿಡಿದರೆ ಮ್ಯೂಸಿಕ್ ಅಕಾಡೆಮಿ, ನಾರದ ಗಾನ ಸಭಾ, ರಸಿಕ ರಂಜನಿ ಸಭಾ, ಮೈಲಾಪುರ್ ಫೈನ್ ಆರ್ಟ್ಸ್ ಕ್ಲಬ್ ಮುಂತಾದ, ಕಛೇರಿ ಏರ್ಪಡಿಸುವ ಸಭೆಗಳೆಲ್ಲವೂ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ತ್ಯಾಗರಾಯನಗರದ ಕೃಷ್ಣ ಗಾನ ಸಭೆಯೂ ತೀರ ದೂರವಲ್ಲ. ತಿರುವಾನ್ಮಿಯೂರಿನ ಕಲಾಕ್ಷೇತ್ರವನ್ನು ಮಾತ್ರ ಸಂಜೆಯ ವಾಹನದಟ್ಟಣೆಯಲ್ಲಿ ಬೇರೊಂದು ಕಛೇರಿಯೊಂದಿಗೆ ಜೋಡಿಸಿಕೊಳ್ಳಬೇಡಿ. ಹೋಗುವುದಾದರೆ ಅದಕ್ಕೇ ಒಂದು ಸಂಜೆಯನ್ನು ಮೀಸಲಿಡಿ.

ಬಹುಪಾಲು ಸಭೆಗಳಲ್ಲಿ ಮಧ್ಯಾಹ್ನದ ಕಛೇರಿಗಳಿಗೆ ಟಿಕೆಟ್ ಇರುವುದಿಲ್ಲ. ಆ ಹೊತ್ತಿನಲ್ಲಿ ಹಾಡುವವರು ಹೆಚ್ಚಾಗಿ ಯುವ ಕಲಾವಿದರು. ಇಂದಿನ ಹಲವು ಹಿರಿಯರೂ ಒಂದು ಕಾಲಕ್ಕೆ ಇದೇ ಮಧ್ಯಾಹ್ನದ ವೇದಿಕೆಗಳಿಂದ ಸಂಜೆಯ ವೇದಿಕೆಗೆ ಏರಿದವರು. ಅರ್ಧ ಖಾಲಿ ಸಭಾಂಗಣದಲ್ಲಿ ಅಂಚಿನ ಕುರ್ಚಿ ಹಿಡಿದು ನಿಮ್ಮ ಯಜಮಾನರು ಕಾಲು ಚಾಚಿ ಕುಳಿತುಕೊಳ್ಳಬಹುದೆಂಬ ಅನುಕೂಲವೂ ಇದೆ. ಪ್ರಸಿದ್ಧರ ಸಂಜೆಯ ಕಛೇರಿಗಳಿಗೆ, ಕಾರ್ಯಕ್ರಮಪಟ್ಟಿ ಹೊರಬಿದ್ದೊಡನೆ ಮುಂಗಡ ಟಿಕೆಟ್ ಪಡೆಯುವುದು ಒಳ್ಳೆಯದು.

ವರ್ಣದವರೆಗೆ ಕಲಿತಿದ್ದೀರೆಂದು ಬರೆದಿರುವುದರಿಂದ ಇನ್ನೊಂದು ಮಾತು. 1927ರಲ್ಲಿ ಮದರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಜೊತೆಗೆ ಏರ್ಪಟ್ಟಿದ್ದ ಸಂಗೀತ ಸಮ್ಮೇಳನದ ಫಲವಾಗಿ ಹುಟ್ಟಿ, 1928ರಲ್ಲಿ ಉದ್ಘಾಟನೆಗೊಂಡ ಮ್ಯೂಸಿಕ್ ಅಕಾಡೆಮಿಯಲ್ಲಿ ಬೆಳಗಿನ ಹೊತ್ತು ವಿದ್ವಾಂಸರ ಸೋದಾಹರಣ ಉಪನ್ಯಾಸಗಳು ನಡೆಯುತ್ತವೆ. ಒಂದು ರಾಗದ ಲಕ್ಷಣವನ್ನೋ ಪಲ್ಲವಿಯ ತಾಳದ ಲೆಕ್ಕಾಚಾರವನ್ನೋ ಹಾಡಿ ತೋರಿಸಿ ವಿವರಿಸುವ ಇವು, ಅರ್ಧಕ್ಕೆ ಕಲಿಕೆ ಬಿಟ್ಟವರಿಗೆ ಕಛೇರಿಗಿಂತಲೂ ಹೆಚ್ಚು ರುಚಿಸುತ್ತವೆಂದು ನನ್ನ ಅನಿಸಿಕೆ. ಒಂದು ಬೆಳಿಗ್ಗೆಯನ್ನಾದರೂ ಇದಕ್ಕೆ ಕೊಡಿ. ಡಿಸೆಂಬರಿನ ನಡುವಿನಲ್ಲಿ ತಮಿಳರ ಮಾರ್ಗಳಿ ಮಾಸ ಹಿಡಿದ ಮೇಲೆ ಹೋಗುವುದಾದರೆ, ಮತ್ತೊಂದು ಬೆಳಿಗ್ಗೆ ಬೇಗನೆದ್ದು ಮೈಲಾಪುರದ ಕಪಾಲೀಶ್ವರ ದೇವಾಲಯದ ಸುತ್ತಲಿನ ಮಾಡಬೀದಿಗಳಲ್ಲಿ ಭಜನೆ ಹಾಡುತ್ತ ಸಾಗುವವರನ್ನೂ ನೋಡಿ ಬನ್ನಿ.

ಸಭೆಗಳ ಕ್ಯಾಂಟೀನಿನ ಎಲೆಯೂಟಕ್ಕೆ ಸಂಗೀತದಷ್ಟೇ ಅಭಿಮಾನಿಗಳಿದ್ದಾರೆ. ಹಾಡು ನಿಂತು ಮೃದಂಗವೇ ಪ್ರಧಾನವಾಗಿ ನುಡಿಯುವ ತನಿ ಆವರ್ತನ ಆರಂಭವಾದೊಡನೆ ಅತ್ತ ಹೆಜ್ಜೆ ಹಾಕುವವರನ್ನು ಅಲ್ಲಿ ನೀವು ಕಾಣುವಿರಿ. ದಯವಿಟ್ಟು ಅವರನ್ನು ಹಿಂಬಾಲಿಸಬೇಡಿ. ತನಿಯನ್ನು ಕಳೆದುಕೊಳ್ಳುವುದು ಒಂದು ನಷ್ಟವಾದರೆ, ದಾಸರ ಪದಗಳು ಸಾಮಾನ್ಯವಾಗಿ ಬರುವುದೇ ತನಿಯ ನಂತರದ ತುಕ್ಕಡಗಳೆಂಬ ಚಿಕ್ಕ ಹಾಡುಗಳಲ್ಲಿ ಎಂಬುದು ಎರಡನೆಯ ಕಾರಣ. ಪುರಂದರದಾಸರು ನಿಮ್ಮ ತೀರ್ಥಹಳ್ಳಿ ಸೀಮೆಯ ಆರಗದವರೆಂದು ವಾದಿಸುವ ನೀವೇ ಅವರ ಪದಕ್ಕೆ ಮೊದಲು ಎದ್ದು ಹೋದರೆ ಹೇಗೆ?

ರೈಲು ಟಿಕೆಟನ್ನು ಈಗ 60 ದಿನ ಮುಂಚಿತವಾಗಿಯಷ್ಟೇ ಕಾಯ್ದಿರಿಸಬಹುದು. ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಹಗಲು ರೈಲು ಹಿಡಿಯುವುದು ಸುಲಭ. ಚೆನ್ನೈ ಸೆಂಟ್ರಲ್ ಪಕ್ಕದ ಪಾರ್ಕ್ ಟೌನ್ ನಿಲ್ದಾಣದಿಂದ ಮೈಲಾಪುರಕ್ಕೆ, ಅಂದರೆ ತಿರುಮಯಿಲೈ ನಿಲ್ದಾಣಕ್ಕೆ, ನಗರ ರೈಲು ಇದೆಯಾದರೂ ಆ ಎತ್ತರದ ನಿಲ್ದಾಣದ ಮೆಟ್ಟಿಲುಗಳು ಮೊಣಕಾಲು ನೋವಿನವರಿಗೆ ಹೇಳಿಸಿದ್ದಲ್ಲ, ಆಟೋ ಮಾಡಿಕೊಳ್ಳಿ. ಈಶಾನ್ಯ ಮಾರುತದ ಮಳೆ ಡಿಸೆಂಬರಿನಲ್ಲಿಯೂ ಬರುವುದುಂಟಾದ್ದರಿಂದ ಕೊಡೆಯಿರಲಿ. ಚೆನ್ನೈ ಸೆಕೆಯ ಊರೆಂದು ಶಾಲನ್ನು ಮನೆಯಲ್ಲಿ ಬಿಡಬೇಡಿ, ಸಭಾಂಗಣದ ಎಸಿಯಲ್ಲಿ ಆಗುಂಬೆಯ ಚಳಿಯೇ ನೆನಪಾದೀತು.

ಪ್ರಶ್ನೆ: ಡಿಸೆಂಬರಿನಲ್ಲಿ ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲು, ಅದನ್ನು ಸುಲಿದು, ಬೇಯಿಸಿ, ಒಣಗಿಸುವುದನ್ನು ಬಿಟ್ಟು ಚೆನ್ನೈಗೆ ಹೋಗುವಂತಿಲ್ಲ. ನಮ್ಮಂಥವರಿಗೆ ಬೇರೆ ದಾರಿಯಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಇದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವವು ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಹಲವು ವಾರಗಳ ಕಾಲ ನಡೆಯುತ್ತದೆ. ಚೆನ್ನೈಯ ಹೆಸರಾಂತ ಕಲಾವಿದರು ಅಲ್ಲಿಗೂ ಬರುತ್ತಾರೆ. ರಾಮನವಮಿ ಬರುವ ಹೊತ್ತಿಗೆ ನಿಮ್ಮ ಅಡಿಕೆ ಅಟ್ಟ ಸೇರಿರುತ್ತದೆ ಅಥವಾ ಮಂಡಿ ಸೇರಿರುತ್ತದೆ.